ವಿಮಲಾ ಇದ್ದ ಕ್ಯಾಸೆಟ್ಟು

ವಾಡಿ
೧೪ ಮೇ ೧೯೮೬

ಅಕ್ಕ ಭೀಮಬಾಯಿಗೆ ತಮ್ಮ ದಶರಥನ ಶರಣು.

ಎರಡು ತಿಂಗಳಾಯಿತು ಕಾಗದ ಹಾಕಿ. ಪುರಸೊತ್ತಿರಲಿಲ್ಲ ಅಂದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಹೆದರಿಕೆ ಇತ್ತು. ಇದನ್ನು ನಿನಗೆ ಓದಿ ಹೇಳುವ ಸೈದಾನಬಿಗೆ ಸಲಾಮು. ಒಂದಕ್ಷರವೂ ಬಿಡದೆ ಓದಲಿ.

ಮೊದಲು ಖರ್ಚು ಹೇಳಿಬಿಡುತ್ತೇನೆ. ನಿನ್ನ ಪದ ರೆಕಾರ್ಡು ಮಾಡಿದ ಶಹಾಬಾದದ ಖೋಲಿ ಬಾಡಿಗೆ ತೊಂಬತ್ತು. ಅಬ್ದುಲ್ ಮಜೀದನಿಗೆ, ಅವನ ಕ್ಯಾಸಿಯೊ ಪೆಟ್ಟಿಗೆಗೆ, ಅದರೊಳಗೆ ತಾನೇ ಬಾರಿಸಿಕೊಳ್ಳುವ ತಬಲಾಕ್ಕೆ, ಚಹಾ ಬೀಡಿಗೆ ನಾಲ್ಕುನೂರು. ಐದುನೂರು ಕ್ಯಾಸೆಟ್ಟು, ಬಣ್ಣದ ಚೀಟಿ ಎಲ್ಲ ಕೂಡಿ ಏಳು ಸಾವಿರದ ಮುನ್ನೂರು. ನನ್ನ ರೇಡಿಯೊ ರಿಪೇರಿ ಅಂಗಡಿಯ ಎರಡು ವರ್ಷದ ದುಡಿಮೆ.

ಆ ದಿನ ಮಜೀದ "ಹಾಡ್ರಿ ಅಕ್ಕಾ" ಅಂದರೆ ನೀನು ಬಾಯಿಯೇ ಬಿಡಲಿಲ್ಲ. "ಮದುಮಗಳ ಹೆಸರು ಇಲ್ದ ಸೋಬಾನ ಪದ ಹ್ಯಾಂಗ ಹಾಡ್ಲಿ? ಯಾರಿಗಂತ ಹಾಡ್ಲಿ?" ಅಂದಿ. "ಯಾವುದರ ಒಂದು ಹೆಸರು ತಗೋ" ಅಂದವನು ನಾನೇ. ನೀನು ವಿಮಲಾ ಅಂದಿ. ಮದುವೆ ಗೊತ್ತಾದ ಎಂಟನೇ ದಿನಕ್ಕೆ ಜ್ವರದಲ್ಲಿ ಹೋದ ಮಗಳಿಗೆ ಹಾಡಿನಲ್ಲಿ ಅರಿಸಿನ ಹಚ್ಚಿದಿ, ಬಳೆ ಇಡಿಸಿದಿ, ಗಂಡನ ಮನೆಗೆ ಕಳಿಸಿದಿ. ಮಜೀದ ಕಣ್ಣೊರೆಸಿಕೊಂಡು ಬಾರಿಸಿದ. ನಾನು ಗಡಿಯಾರ ನೋಡುತ್ತಿದ್ದೆ. ಪಕ್ಕದ ಕಲ್ಲು ಕೊಯ್ಯುವ ಮಿಷನ್ನು ಎರಡಕ್ಕೆ ಮತ್ತೆ ಸುರುವಾಗುವುದಿತ್ತು.

ಜನ ಏನಂದರು ಕೇಳು. ಗುಲಬರ್ಗಾದ ವಾರಪತ್ರಿಕೆಯವನು, "ಗಾಯಕಿಯ ಕಂಠ ಘನವಾದದ್ದು, ಯಂತ್ರದ ತಬಲಾ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿದೆ" ಅಂತ ಬರೆದ. ಚಿತ್ತಾಪುರದ ಹುಡುಗರಿಗೆ ಆ ಟ್ರ್ಯಾಕ್ಟರೇ ಬೇಕು. "ಮಾಮಾ, ಮುದುಕೀ ದನಿ ಜರಾ ಕಮ್ಮಿ ಮಾಡ್ರಿ" ಅಂದರು. ಸೇಡಂದಲ್ಲಿ ಐವತ್ತು ವರ್ಷ ಮದುವೆ ಹಾಡಿದ ಮಾಳಮ್ಮ ಪೂರಾ ಕೇಳಿ, "ಪದ ಭಾಳ ಚಲೋ ಅದ. ಆದರ ಈ ಡಬ್ಬಿ ಉಸರೇ ತಗೊಳ್ಳಲ್ಲಲ್ಲೋ, ನಾವು ದನಿ ಎಲ್ಲಿ ಕೂಡಸಬೇಕು?" ಅಂದಳು.

ಅಲ್ಲಿತನಕ ನಗುವ ಮಾತು. ಆಮೇಲೆ ಕೋಡ್ಲಾದ ಅಂಬಾರಾಯ ತನ್ನ ಮಗಳ ಮದುವೆಯಲ್ಲಿ ಲೌಡ್‌ಸ್ಪೀಕರಿಗೆ ಹಾಕಿಸಿದ. ಈ ವಿಮಲಾ ಯಾರು ಅಂತ ಬೀಗರು ವಿಚಾರಿಸಿ ತಿಳಿದುಕೊಂಡರು. ಮರುದಿನ ಅಂಬಾರಾಯ ಅಂಗಡಿಗೆ ಬಂದು ಕ್ಯಾಸೆಟ್ಟು ಮೇಜಿಗೆ ಬಡಿದ.

"ಸತ್ತ ಹುಡುಗೀ ಹೆಸರು ನನ್ನ ಮಗಳ ಹಂದರದಾಗ ಕೂಗಸ್ತೀ ಏನಲೇ?"

ಮಾತು ಊರೂರಿಗೆ ಹಬ್ಬಿತು. ಮಾರಿದ್ದು ಎರಡುನೂರು, ಹದಿನೈದು ದಿನದಲ್ಲಿ ವಾಪಸ್ಸು ಬಂದದ್ದು ನೂರಾ ತೊಂಬತ್ತು.

ನಾನು ವಿಮಲಾಳ ಸೋದರಮಾವ, ಅಕ್ಕ. ಮದುವೆಯಲ್ಲಿ ಆಕೆಯ ಹಣೆಗೆ ಬಾಸಿಂಗ ಕಟ್ಟಬೇಕಾಗಿದ್ದವನು. ಅಂಬಾರಾಯನಿಗೆ ಒಂದು ಮಾತು ತಿರುಗಿ ಹೇಳಬೇಕಿತ್ತು. "ತಪ್ಪಾತ್ರಿ, ಅಳಸ್ತೀನಿ" ಅಂದೆ.

ಮಜೀದ ಒಲ್ಲೆ ಅಂದ. "ದಶರಥ ಭಾಯ್, ಅಕ್ಕಗ ಒಂದು ಮಾತು ಕೇಳು." ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದಿ, ಅದಕ್ಕೇ ಕೇಳಲಿಲ್ಲ. ವಿಮಲಾ ಬರುವ ಕಡೆಯೆಲ್ಲ ಈಗ ಕ್ಯಾಸಿಯೊದ ಗಂಟೆ ಬಾರಿಸುತ್ತದೆ. ವಾಪಸ್ಸು ಬಂದದ್ದು, ಮಾರದೆ ಉಳಿದದ್ದು ಎಲ್ಲದರ ಮೇಲೂ ಅದನ್ನೇ ತುಂಬಿದೆ. ಹೊಸ ಕ್ಯಾಸೆಟ್ಟು ಚೆನ್ನಾಗಿ ಮಾರುತ್ತ ಚಿಂಚೋಳಿ ಮುಟ್ಟಿದೆ, ನಿಮ್ಮೂರಿಗೂ ಬಂದೇ ಬರುತ್ತದೆ. ಯಾರದೋ ಹಂದರದಲ್ಲಿ ಕೇಳುವ ಮೊದಲು ನನ್ನಿಂದ ತಿಳಿಯಲಿ.

ಭಾವನಿಗೆ ಶರಣು. ಸಣ್ಣವನು ಏಳನೇತ್ತೆ ಪಾಸಾದನಂತೆ. ಅವನ ತಲೆಯ ಮೇಲೆ ನನ್ನ ಕೈ ಇಟ್ಟಂಗೆ ತಿಳಿ, ಚೆನ್ನಾಗಿ ಬಾಳಲಿ.

ನಿನ್ನ ತಮ್ಮ
ದಶರಥ

ತಾ.ಕ.: ಯುಗಾದಿಗೆ ಬಂದಾಗ "ಇದರಾಗ ಖರಖರ ಭಾಳ ಅದ, ಸುಧಾರಿಸಿ ಕೊಡ್ತೀನಿ" ಅಂತ ನಿನ್ನ ಕ್ಯಾಸೆಟ್ಟು ಒಯ್ದೆನಲ್ಲ, ಅದರ ಮೇಲೂ ಹೊಸದನ್ನೇ ತುಂಬಿಬಿಟ್ಟೆ. ನೀನು ಗುರುವಾರಕ್ಕೊಮ್ಮೆ ಅದನ್ನು ಸೈದಾನಬಿಯ ಮನೆಯಲ್ಲಿ ಹಾಕಿಸಿಕೊಂಡು ಕೇಳುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಮೊದಲು ರೆಕಾರ್ಡು ಮಾಡಿದ ಅಸಲು ಟೇಪಿನಲ್ಲೂ ವಿಮಲಾ ಇಲ್ಲ. ಬೇರೆ ಟೇಪಿಗೆ ಅರವತ್ತು ರೂಪಾಯಿ ಬೀಳುತ್ತಿತ್ತು, ಉಳಿಸಲು ಹೋಗಿ ಅಸಲಿನ ಮೇಲೇ ಅಳಿಸಿದೆವು. ವಾಪಸ್ಸು ಬರದ ಹತ್ತನ್ನು ಹುಡುಕಿಕೊಂಡು ಬಸ್ಸಿನಲ್ಲಿ ತಿರುಗಿದೆ. ಸಿಕ್ಕ ಏಳರ ಮೇಲೂ ಜನ ಸಿನಿಮಾ ಹಾಡು ತುಂಬಿಕೊಂಡಿದ್ದಾರೆ. ಮೂರು ಸಿಗಲಿಲ್ಲ.

ಯಾರಿಗೇನು ಬಂತು: ಮಜೀದನಿಗೆ ಹನ್ನೆರಡು ಮದುವೆಯಲ್ಲಿ ಬಾರಿಸುವ ಕೆಲಸ. ಪತ್ರಿಕೆಯವನಿಗೆ ಪುಗಸಟ್ಟೆ ಕ್ಯಾಸೆಟ್ಟು. ಅಂಬಾರಾಯನಿಗೆ ದುಡ್ಡು ವಾಪಸ್ಸು. ನನಗೆ ಎರಡು ಸಾವಿರದ ನೂರು ಲಾಭ. ನಿನಗೆ ಒಂದು ಸೀರೆ. ವಿಮಲಾಗೆ ಏನೂ ಇಲ್ಲ.