ಎರಡು ಪಂಚಾಂಗ ಕೂಡುವ ದಿನ

ಹೊಸ ಸಂಡೂರು, ಕುಜನೆಲ
ಭೂ ಅಸ್ತದ ಕಾಲ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2241

ಗದಗಿನ ಅನ್ನಪೂರ್ಣಾ ಅವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನವಳಾದ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಈ ಪತ್ರವನ್ನು ಮಡಿಚಿಟ್ಟರೆ ನಾನು ತಪ್ಪು ತಿಳಿಯುವುದಿಲ್ಲ. ಇದರಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ. ಅವು ನಾವು ಇಲ್ಲಿಗೆ ಬಂದಮೇಲೆ ಕಟ್ಟಿಕೊಂಡ ಮಾತುಗಳು. ಕ್ಷಮಿಸಬೇಕು, ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ನಾನು ನಮ್ಮ ಊರಿನ ಗೋಡೆಪತ್ರಿಕೆ ನಡೆಸುವವಳು. ದಿನವೂ ಬೆಳಿಗ್ಗೆ ಊಟದ ಮನೆಯ ಗೋಡೆಯ ಮೇಲೆ ಮೂಡುವ ಸುದ್ದಿಗೆ ಗೋಡೆಪತ್ರಿಕೆ ಎನ್ನುತ್ತೇವೆ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾವ ಓಣಿಗೆ ಇವತ್ತು ನೀರು ಬರುವುದಿಲ್ಲ, ದೀಪದ ಕೆಳಗೆ ಬೆಳೆದ ಜೋಳ ಈ ಸಲ ಹೇಗೆ ಬಂದಿದೆ ಎಂಬಂಥ ಸಂಗತಿಗಳು ಅದರಲ್ಲಿ ಇರುತ್ತವೆ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಬರೆಯುವುದಷ್ಟೇ ನನಗೆ ಗೊತ್ತು.

ಭೂಮಿ ಸೂರ್ಯನ ಹಿಂದೆ ಮರೆಯಾಗುವ ಕಾಲಕ್ಕೆ ನಾವು ಭೂ ಅಸ್ತ ಎನ್ನುತ್ತೇವೆ. ನಿಮ್ಮ ಲೆಕ್ಕದ ಎರಡು ವರ್ಷಕ್ಕೊಮ್ಮೆ ಅದು ಬರುತ್ತದೆ. ಆ ದಿನಗಳಲ್ಲಿ ಭೂಮಿಯಿಂದ ಯಾವ ಸುದ್ದಿಯೂ ಬರುವುದಿಲ್ಲ, ಇಲ್ಲಿಂದ ಯಾವುದೂ ಹೋಗುವುದಿಲ್ಲ. ಗುಡ್ಡದ ಮೇಲಿನ ಕಿವಿಬುಟ್ಟಿ, ಅಂದರೆ ಭೂಮಿಯ ದನಿ ಹಿಡಿಯುವ ದೊಡ್ಡ ಬುಟ್ಟಿ, ಸುಮ್ಮನೆ ಸೂರ್ಯನ ಕಡೆ ಮುಖಮಾಡಿ ನಿಂತಿರುತ್ತದೆ. ಈಗಿನವರಿಗೆ ಬರೆದರೆ ತಲುಪುವುದಿಲ್ಲವಾದ್ದರಿಂದ ಹಿಂದಿನವರಿಗೆ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಇವಕ್ಕೆ ಅಸ್ತಪತ್ರ ಎಂದು ಹೆಸರು. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಒಂದೊಂದು ಬರೆದು ಕಿವಿಬುಟ್ಟಿಯ ಕಡೆಯವರಿಗೆ ಕೊಡುತ್ತಾರೆ, ಅವರು ಅವನ್ನು ಸೂರ್ಯನತ್ತ ಕಳಿಸಿಬಿಡುತ್ತಾರೆ.

ನಾನು ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ನೀವು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಿರಿ, ನಿಮ್ಮ ಜಾತಕದಲ್ಲಿ ಕುಜ ಏಳನೆಯ ಮನೆಯಲ್ಲಿದ್ದ, ಬಂದ ಗಂಡುಗಳೆಲ್ಲ ಅದನ್ನು ಕೇಳಿ ಹಿಂದೆ ಸರಿಯುತ್ತಿದ್ದರು ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಮೂವತ್ತು ದಾಟಿದ ಮೇಲೂ ನೀವು ನಿಮ್ಮ ತಾಯಿಯ ಜೊತೆ ಒಬ್ಬರಾದ ಮೇಲೊಬ್ಬರು ಜ್ಯೋತಿಷಿಗಳ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಕುಳಿತು ಅದೇ ಒಂದು ಪ್ರಶ್ನೆ ಕೇಳುತ್ತಿದ್ದಿರಂತೆ. ನಿಮ್ಮ ಮದುವೆ ಯಾವಾಗ ಎಂಬುದು ನನಗೆ ಗೊತ್ತು. ಅಸ್ತಪತ್ರದಲ್ಲಿ ಹಿಂದಿನವರಿಗೆ ಮುಂದಿನ ತಾರೀಖು ತಿಳಿಸಬಾರದೆಂಬ ಕಟ್ಟಳೆ ಇರುವುದರಿಂದ ಹೇಳಲಾರೆ. ಆದರೆ ಬರೆಯುತ್ತಿರುವವಳು ಯಾರು ಎಂಬುದನ್ನು ನೋಡಿ ನೀವೇ ತಿಳಿದುಕೊಳ್ಳಬಹುದು.

ಇಲ್ಲಿ ಯಾರಿಗೂ ಕುಜದೋಷವಿಲ್ಲ. ನಾವೇ ಕುಜನ ಮನೆಯಲ್ಲಿದ್ದೇವೆ. ನಮಗಿರುವ ತೊಂದರೆ ಚಂದ್ರನದು. ನಿಮ್ಮ ಚಂದ್ರ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಒಂದೇ ವಾರದಲ್ಲಿ ಹುಟ್ಟಿದ ಏಳು ಮಕ್ಕಳಿಗೆ ನೀವು ಏಳು ನಕ್ಷತ್ರ ಕೊಡಬಲ್ಲಿರಿ. ಅಂಥ ಧಾರಾಳ ನಮ್ಮ ಆಕಾಶಕ್ಕಿಲ್ಲ. ಇಲ್ಲಿ ಇಬ್ಬರು ಚಂದ್ರರಿದ್ದಾರೆ. ಮೊದಲು ಬಂದವರು ಅವರಲ್ಲಿ ಒಬ್ಬನನ್ನು ಹಿಡಿದು ಜಾತಕ ಬರೆಯಲು ನೋಡಿದರು. ಅವನು ಎಷ್ಟು ಅವಸರದವನೆಂದರೆ, ಸೂಲಗಿತ್ತಿ ಮಗುವನ್ನು ಒರೆಸಿ ಗಡಿಯಾರ ನೋಡುವಷ್ಟರಲ್ಲಿ ನಕ್ಷತ್ರ ಬದಲಾಗಿರುತ್ತಿತ್ತು. ಕೊನೆಗೆ ಭೂಮಿಯ ಚಂದ್ರನೇ ನಿಜವಾದ ಚಂದ್ರ ಎಂದು ಹಿರಿಯರು ತೀರ್ಮಾನಿಸಿದರು. ಇಲ್ಲಿಂದ ಅವನು ಭೂಮಿಯ ಪಕ್ಕದಲ್ಲಿ ಒಂದು ಚುಕ್ಕಿಯಾಗಿ ಕಾಣುತ್ತಾನೆ, ಭೂಮಿ ಹೋದಲ್ಲಿ ಹೋಗುತ್ತಾನೆ. ಭೂಮಿ ಒಂದು ನಕ್ಷತ್ರದಲ್ಲಿ ವಾರಗಟ್ಟಲೆ ಇರುತ್ತದೆ. ವಕ್ರಗತಿಯಲ್ಲಿದ್ದರೆ ಇನ್ನೂ ಹೆಚ್ಚು. ಅಂಥ ಹೊತ್ತಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ನಕ್ಷತ್ರ, ಒಂದೇ ಪಾದ. ಅಂಥವರು ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಮದುವೆಯಾಗುವಂತಿಲ್ಲ. ನನ್ನ ತರಗತಿಯಲ್ಲಿ ಎಲ್ಲರೂ ಹಾಗೆಯೇ ಹುಟ್ಟಿದವರು. ಮಾಸ್ತರರು ನಮ್ಮನ್ನು ಒಂದೇ ತೊಟ್ಟಿಲಿನವರು ಎಂದು ತಮಾಷೆ ಮಾಡುತ್ತಿದ್ದರು. ಆ ತೊಟ್ಟಿಲಿನಲ್ಲಿ ಚನ್ನವೀರನೂ ಇದ್ದ.

ಊರಿನಲ್ಲಿ ಎರಡು ಪಂಚಾಂಗಗಳಿವೆ. ಈಗ ಹೇಳಿದ್ದು ನಿಂತನೆಲದ ಪಂಚಾಂಗ. ಇನ್ನೊಂದು ತಾಯಿನೆಲದ್ದು: ಮಗು ಇಲ್ಲಿ ಹುಟ್ಟಿದ ಗಳಿಗೆಗೆ ಗದಗಿನ ಆಕಾಶ ಹೇಗಿತ್ತೋ ಹಾಗೆ ಜಾತಕ ಬರೆಯುವುದು. ಚನ್ನವೀರನ ಮನೆಯವರು ನಿಂತನೆಲದವರು, ನಾವು ತಾಯಿನೆಲದವರು. ಇದರಿಂದ ಊರಿನಲ್ಲಿ ಎಂದೂ ಜಗಳವಾಗಿಲ್ಲ. ಎರಡನ್ನೂ ನೋಡಿ ಹೇಳುವ ಜ್ಯೋತಿಷಿ ರಾಚಯ್ಯನವರೊಬ್ಬರೇ.

ನಮ್ಮ ಪಂಚಾಂಗದಲ್ಲಿ ನನಗೂ ಚನ್ನವೀರನಿಗೂ ಗುಣ ಚೆನ್ನಾಗಿ ಕೂಡುತ್ತಿದ್ದವು. ಅವರದರಲ್ಲಿ ಏಕನಕ್ಷತ್ರದ ದೋಷವಿತ್ತು, ಆದರೆ ತಕ್ಕ ಮುಹೂರ್ತ ಹಿಡಿದರೆ ಅದಕ್ಕೆ ಪರಿಹಾರವಿದೆ ಎಂದು ರಾಚಯ್ಯನವರು ಹೇಳಿದ್ದರು. ನಿಮ್ಮ ಲೆಕ್ಕದ ಒಂಬತ್ತು ವರ್ಷಗಳ ಹಿಂದೆ ಅವನ ತಾಯಿ ಈರವ್ವ ನಮ್ಮ ಮನೆಗೆ ಹೆಣ್ಣು ಕೇಳಲು ಬಂದರು. ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ನನಗೆ ಎಲ್ಲ ಮಾತೂ ಕೇಳಿಸುತ್ತಿತ್ತು.

ನನ್ನ ತಂದೆ ಬಸಲಿಂಗಪ್ಪ ಹೇಳಿದರು: “ಹುಡುಗ ನಮ್ಮ ಕಣ್ಣ ಮುಂದ ಬೆಳದಾನ್ರಿ. ಆದರ ನಿಮ್ಮ ಪಂಚಾಂಗಾನೂ ಹೂಂ ಅನ್ನಬೇಕು. ನಾಳೆ ನಿಮ್ಮನ್ಯಾಗ ಒಬ್ಬರು ಕೆಮ್ಮಿದ್ರೂ ನಮ್ಮ ಹುಡುಗಿ ಕಾಲ್ಗುಣ ಅನ್ನಬಾರದು ನೋಡ್ರಿ.”

“ನಾವೇನು ಅನ್ನೋ ಮಂದಿ ಅಲ್ಲ ತಗೀರಿ,” ಎಂದರು ಈರವ್ವ. “ಆದರ ನಿಮ್ಮ ಗುರುಬಲ ಬಿಟ್ಟು ನಮ್ಮ ಮುಹೂರ್ತ ಹಿಡಿದ್ರ ನಿಮ್ಮ ಮನಸಿನ್ಯಾಗ ಒಂದು ಹುಳ ಉಳೀತೈತಿ. ಎರಡೂ ಕೂಡೋ ದಿನಾನ ನೋಡೂಣು.”

“ಕೂಡತಾವ, ಕೂಡತಾವ,” ಎಂದರು ನಡುವೆ ಕುಳಿತಿದ್ದ ರಾಚಯ್ಯನವರು. “ಗ್ರಹಗಳೇನು ಮಾತು ಬಿಟ್ಟಾವೇನು?”

ಎಲ್ಲರೂ ನಕ್ಕು ಅವಲಕ್ಕಿ ತಿಂದರು. ನನಗೂ ನಗು ಬಂತು. ಒಂದು ಹಂಗಾಮು ತಡವಾಗಬಹುದು ಎಂದುಕೊಂಡೆ.

ದಿನಗಳು ಕೂಡಲಿಲ್ಲ. ನಮ್ಮದರಲ್ಲಿ ಗುರುಬಲ ಬಂದಾಗ ಅವರದರಲ್ಲಿ ಶುಕ್ರ ಅಸ್ತನಾಗಿರುತ್ತಿದ್ದ. ಅವರ ಮುಹೂರ್ತ ಬಂದಾಗ ನಮ್ಮದರಲ್ಲಿ ಅಧಿಕಮಾಸವೋ ಆಷಾಢವೋ ಅಡ್ಡ ಬರುತ್ತಿತ್ತು. ಎರಡೂ ಮನೆಯವರು ಪ್ರತಿ ಯುಗಾದಿಗೆ ರಾಚಯ್ಯನವರನ್ನು ಕೇಳುತ್ತಿದ್ದರು, ಇನ್ನೊಂದು ವರ್ಷ ಎಂದು ಒಪ್ಪಿಕೊಂಡು ಏಳುತ್ತಿದ್ದರು.

ನಮ್ಮ ಊರು ಗುಡ್ಡದ ಹೊಟ್ಟೆಯೊಳಗಿನ ಉದ್ದನೆಯ ಗವಿಯಲ್ಲಿದೆ. ಎರಡೂ ಬದಿ ಮನೆಗಳು, ನಡುವೆ ಓಣಿ. ಚನ್ನವೀರನ ಮನೆ ನಮ್ಮ ಎದುರಿಗೇ ಇದೆ. ಅವನು ಕಿವಿಬುಟ್ಟಿಯ ಯಂತ್ರ ನೋಡಿಕೊಳ್ಳುವವನು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಗೋಡೆಪತ್ರಿಕೆಯ ಮುಂದೆ ನಿಂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದುತ್ತಾನೆ. ನೀರು ಬಾರದ ಓಣಿಯ ಸುದ್ದಿಯನ್ನೂ ಬಿಡುವುದಿಲ್ಲ. ಅಷ್ಟು ಹೊತ್ತು ನಾನು ಹಿಂದಿನ ಮೇಜಿನಲ್ಲಿ ರೊಟ್ಟಿ ಮುರಿಯುತ್ತ ಅವನ ಕುತ್ತಿಗೆಯನ್ನು ನೋಡುತ್ತಿರುತ್ತೇನೆ. ಮದುವೆಯ ಸುದ್ದಿ ಬಂದ ದಿನ ಅವನು ತಿರುಗಿ ನನ್ನ ಕಡೆ ನೋಡದೆ ಹೋಗುತ್ತಾನೆ. ಒಂದು ವರ್ಷ ದೊಡ್ಡ ಧೂಳುಗಾಳಿ ಎದ್ದು ಸೂರ್ಯನ ಬೆಳಕು ಬಹಳ ದಿನ ನಿಂತುಹೋಯಿತು. ವಿದ್ಯುತ್ ಉಳಿಸಲು ಇಡೀ ಊರು ಊಟದ ಮನೆಯಲ್ಲೇ ಒತ್ತೊತ್ತಾಗಿ ಕುಳಿತು ಕಾಲ ಕಳೆಯಬೇಕಾಯಿತು. ಜಾಗವಿಲ್ಲದ್ದರಿಂದ ಅವನು ನನ್ನ ಪಕ್ಕದಲ್ಲಿ ಕುಳಿತಿದ್ದ. ಅವನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಯಾರೂ ಅದನ್ನು ತಪ್ಪೆಂದು ಎಣಿಸಲಿಲ್ಲ. ಅವನು ತೂಕಡಿಸಿದಾಗ ನಾನು ಅಲುಗಾಡದೆ ಕುಳಿತಿರುತ್ತಿದ್ದೆ. ಗಾಳಿ ಇಳಿದ ಮರುದಿನ ಪತ್ರಿಕೆಯಲ್ಲಿ ‘ಊರಿನಲ್ಲಿ ಸಂತಸ’ ಎಂದು ಬರೆದೆ. ಆ ಊರಿನಲ್ಲಿ ನಾನು ಸೇರಿರಲಿಲ್ಲ.

ಹೋದ ಯುಗಾದಿಯ ನಂತರ ನಾನೇ ಎರಡೂ ಪಂಚಾಂಗಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಗಣಿತ ನಿಮ್ಮಿಂದಲೇ ಬಂದಿರಬೇಕು. ನಮ್ಮಿಬ್ಬರಿಗೂ ಎರಡೂ ಕೂಡುವ ದಿನ ಇತ್ತು. ಅಷ್ಟು ಹೊತ್ತಿಗೆ ನಾವು ಐವತ್ತೈದು ದಾಟಿರುತ್ತೇವೆ. ಓಣಿಯಲ್ಲಿ ನಿಲ್ಲಿಸಿ ಚನ್ನವೀರನಿಗೆ ಹೇಳಿದೆ. ಅವನು “ಗೊತ್ತು” ಎಂದ. ಅವನು ಅದನ್ನು ಎಂದೋ ಲೆಕ್ಕ ಹಾಕಿದ್ದ. ಹಾಕಿಯೂ ಕಾಯುತ್ತಿದ್ದ. ಆ ಒಂದು ಮಾತಿನಿಂದ ನನಗಾದದ್ದು ಸಮಾಧಾನವೋ ಸಿಟ್ಟೋ ಈಗಲೂ ತಿಳಿಯದು.

ಈ ಸಲದ ಅಸ್ತ ಶುರುವಾದ ಮೇಲೆ ಪತ್ರಿಕೆಗೆ ಸುದ್ದಿ ಕಡಿಮೆಯಾಯಿತು. ಅಸ್ತದಲ್ಲಿ ಎರಡೂ ಪಂಚಾಂಗಗಳನ್ನು ಮುಚ್ಚಿಡುವುದು ಹಿರಿಯರ ಕಟ್ಟಳೆ. ಅದರ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ರಾಚಯ್ಯನವರ ಮನೆಗೆ ಹೋದೆ. ಅವರು ಮೆಣಸಿನ ಗಿಡದ ಎಲೆ ಒರೆಸುತ್ತ ಕುಳಿತಿದ್ದರು.

“ಅಸ್ತದಾಗ ಮದುವಿ ಯಾಕ ಮಾಡಂಗಿಲ್ಲರಿ, ಅಯ್ಯನವರ?”

“ಭೂಮಿ ಮಾರಿ ಕಾಣದಿದ್ರ ಚಂದ್ರ ಎಲ್ಲಿ ಕಾಣಬೇಕವ್ವ? ಚಂದ್ರ ಇಲ್ಲಂದ್ರ ಗಳಿಗಿ ಇಲ್ಲ.”

“ಹಂಗಾರ ದೋಷಾನೂ ಕಾಣಂಗಿಲ್ಲಲ್ರಿ?”

ಅವರು ಎಲೆ ಒರೆಸುವುದನ್ನು ನಿಲ್ಲಿಸಿದರು. “ಇದನ್ನ ಪತ್ರಿಕೆಗೆ ಕೇಳಾಕತ್ತೀಯೋ, ನಿನಗ ಕೇಳಾಕತ್ತೀಯೋ?”

“ನನಗರಿ.”

“ಹಂಗಾರ ನನ್ನ ಯಾಕ ಕೇಳ್ತಿ? ನಾ ಈಗ ರಜಾದಾಗ ಅದೀನಿ. ಯಾರನ್ನ ಕೇಳಬೇಕೋ ಅವನನ್ನ ಹೋಗಿ ಕೇಳು.”

ಅಲ್ಲಿಂದ ನೇರವಾಗಿ ಕಿವಿಬುಟ್ಟಿಯ ಯಂತ್ರದ ಮನೆಗೆ ಹೋದೆ. ಚನ್ನವೀರ ಹಲ್ಲುಗಾಲಿಗೆ ಎಣ್ಣೆ ಹಾಕುತ್ತಿದ್ದ.

“ಅಸ್ತ ಮುಗಿಯೋದ್ರಾಗ ಮದುವಿ ಆಗಿಬಿಡೂಣು,” ಎಂದೆ.

“ಅಸ್ತದಾಗ?”

“ಈಗ ಬ್ಯಾಡ ಅನ್ನಾಕ ಮ್ಯಾಲೆ ಯಾರೂ ಇಲ್ಲ.”

ಅವನು ನಕ್ಕ. ಆಮೇಲೆ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. “ಅವ್ವನ್ನ ಕೇಳಿ ಹೇಳ್ತೀನಿ,” ಎಂದ.

“ಇಷ್ಟು ವರ್ಷದಾಗ ಒಮ್ಮೆನೂ ಕೇಳಿಲ್ಲೇನು?”

“ಕೇಳೋದೇನೈತಿ ನೀಲಾ. ಎರಡೂ ಕೂಡಲಿ ಅಂದಾಳಲ್ಲ.”

ನಾನು ತಿರುಗಿ ಮನೆಗೆ ಬಂದೆ. ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿ ಈ ಪತ್ರ ಶುರುಮಾಡಿದೆ. ಚಾಪೆಯ ಮೇಲೆ ಕುಳಿತು ಅದೇ ಪ್ರಶ್ನೆ ಕೇಳುತ್ತಿದ್ದ ನೀವು ನೆನಪಾದಿರಿ. ನೀವು ಇಲ್ಲಿದ್ದಿದ್ದರೆ ನಾವಿಬ್ಬರೂ ಜೊತೆಗೆ ಹೋಗಿ ಕೇಳಬಹುದಿತ್ತು ಎನಿಸಿತು. ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಈರವ್ವ ಬಾಗಿಲಲ್ಲಿ ನಿಂತಿದ್ದರು. ಮುಂದಿನದನ್ನು ಅವರು ಹೋದಮೇಲೆ ಬರೆಯುತ್ತಿದ್ದೇನೆ.

“ಏನವ್ವ, ನನ್ನ ಮಗನ್ನ ಹೆದರಿಸಿ ಕಳಿಸೀಯಂತ,” ಎಂದರು. ಕುಳಿತುಕೊಳ್ಳಲಿಲ್ಲ. “‘ಅವ್ವ, ನನಗ ಆಕಿನ್ನ ಮಾಡ್ಕೋಬೇಕು’ ಅಂದ. ಇಷ್ಟು ವರ್ಷಕ್ಕ ಇವತ್ತು ಬಾಯಿ ಬಿಟ್ಟಾನ. ‘ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ದಿ’ ಅಂದ್ರ, ‘ನೀನ ಬ್ಯಾಡ ಅಂದಿದ್ದಿ’ ಅಂತಾನ. ನಾ ಯಾವಾಗ ಬ್ಯಾಡ ಅಂದೆ?”

“ಎರಡೂ ಕೂಡಲಿ ಅಂದಿದ್ರಿ.”

“ಅದು ನಿಮ್ಮಪ್ಪಗ ಮರ್ಯಾದಿಗೆ ಅಂದ ಮಾತು. ಅವರು ನಮ್ಮ ಪಂಚಾಂಗಕ್ಕ ಮರ್ಯಾದಿ ಕೊಟ್ರು, ನಾ ಅವರದಕ್ಕ ಕೊಡದಿದ್ರ ಹೆಂಗ? ಅವರ ಒಂದಿನ ‘ನಮ್ಮದು ಬಿಡ್ರಿ ಈರವ್ವ, ನಿಮಗ ಅನುಕೂಲ ಆದಾಗ ಮಾಡ್ರಿ’ ಅಂತಾರ ಅಂತ ಕಾಯಾಕತ್ತಿದ್ದೆ.”

ನನ್ನ ತಂದೆ ಒಳಗಿನ ಕೋಣೆಯಲ್ಲಿದ್ದರು. ಅಲ್ಲಿಂದಲೇ ಕೇಳಿಸಿಕೊಂಡು ಬಾಗಿಲಿಗೆ ಬಂದು, ಈರವ್ವನವರ ಮುಖ ನೋಡದೆ, “ನೀವ ಹಂಗ ಅಂತೀರಿ ಅಂತ ನಾನೂ ಕಾಯಾಕತ್ತಿದ್ದೆ,” ಎಂದರು.

ನನಗೀಗ ಮೂವತ್ತೇಳು. ಈ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹುಟ್ಟಿ ಓಣಿಯಲ್ಲಿ ಓಡಾಡಬಹುದಾಗಿದ್ದ ಮಕ್ಕಳ ಯೋಚನೆ ಅಲ್ಲಿದ್ದ ಮೂವರಿಗೂ ಬಂದಿರಬೇಕು. ಈರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟದ್ದು ಸಾಕು ಎಂದರು. ನಾಳೆಯೇ ಆಗಲಿ ಎಂದು ತೀರ್ಮಾನವಾಯಿತು.

ಅನ್ನಪೂರ್ಣಾ ಅವರೇ, ನಿಮಗೆ ಜಾತಕ ನೋಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಬಿಡಲಾರಿರಿ, ನಾವೇ ಇಷ್ಟು ದೂರ ಬಂದರೂ ಬಿಟ್ಟಿಲ್ಲ. ನನ್ನದು ಒಂದೇ ಕೋರಿಕೆ. ಮುಂದೆ ನಿಮ್ಮ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕುಳಿತು, ನಿಮ್ಮ ಮಾತೇ ಆಗಲಿ, ಇಲ್ಲ ನಿಮ್ಮದೇ ಆಗಲಿ ಎನ್ನುತ್ತಿರುವಾಗ ನೀವು ಒಲೆಯ ಮುಂದಿನಿಂದ ಎದ್ದು ಹೊರಗೆ ಬನ್ನಿ. ಇಲ್ಲಿ ಬೇಡ ಎನ್ನುವವರು ಯಾರು ಎಂದು ಎಲ್ಲರೆದುರಿಗೆ ಕೇಳಿ. ನಾನು ಕೇಳಲಿಲ್ಲ. ಚನ್ನವೀರನೂ ಕೇಳಲಿಲ್ಲ.

ಒಂದು ವಿಷಯ ಉಳಿಯಿತು. ನಿಮ್ಮಲ್ಲಿ ಮದುಮಕ್ಕಳಿಗೆ ಅರುಂಧತಿ ನಕ್ಷತ್ರ ತೋರಿಸುತ್ತಾರೆ. ಅರುಂಧತಿ ಇಲ್ಲಿಯೂ ಕಾಣುತ್ತಾಳೆ, ಆದರೂ ನಮ್ಮವರು ತೋರಿಸುವುದು ಭೂಮಿಯನ್ನು. ಗವಿಯ ಬಾಯಿಯಲ್ಲಿ ಅದಕ್ಕೆಂದೇ ಒಂದು ಗಾಜಿನ ಕಿಂಡಿ ಇದೆ. ನಾಳೆ ಅದರಲ್ಲಿ ಭೂಮಿ ಕಾಣುವುದಿಲ್ಲ, ಸೂರ್ಯನೊಬ್ಬನೇ ಇರುತ್ತಾನೆ. ಆ ಶಾಸ್ತ್ರವನ್ನು ಬಿಟ್ಟುಬಿಡೋಣವೇ ಎಂದು ಈರವ್ವನವರನ್ನು ಕೇಳಿದೆ. ಹೊರಡಲು ನಿಂತಿದ್ದವರು ತಿರುಗಿ, “ಕಾಣದಿದ್ರೇನವ್ವ, ಸೂರ್ಯನ ಹಿಂದ ಐತಲ್ಲ,” ಎಂದರು.

ನಾಳೆ ಬೆಳಿಗ್ಗೆ ನಾನೂ ಅವನೂ ಆ ಕಡೆಗೆ ಮುಖಮಾಡಿ ನಿಂತಿರುತ್ತೇವೆ. ಚೆನ್ನಾಗಿರಿ.

ಇತಿ ನಿಮ್ಮ ವಂಶದ
ನೀಲಗಂಗಾ