ಪಾತಾಳದಲ್ಲಿ ಬಂಗಾರ

ಚಪಳಗಾಂವ, ಶುಕ್ರವಾರ

ಮಾವನವರಿಗೆ ಉಜ್ವಲಾಳ ಶರಣು.

“ಗಂಡ ಸತ್ತಾಕಿ ಮೊಬೈಲ್ ಹಿಡಕೊಂಡು ಆಟ ಆಡತಾಳಂತಲ್ರಿ” ಎಂದು ನೀವು ಫೋನಿನಲ್ಲಿ ನನ್ನ ಅವ್ವನನ್ನು ಕೇಳಿದಿರಿ. ಹೌದು, ಆಡುತ್ತೇನೆ. ನಿಮ್ಮ ಮೊಮ್ಮಗಳು ಶೀತಲಳೇ ಕಲಿಸಿದಳು.

ಇಟ್ಟಿಗೆ ಪೇರಿಸಿ ಮನೆ ಕಟ್ಟುವ ಆಟ. ಅದರೊಳಗೊಂದು ಪಾತಾಳವಿದೆ. ಅಲ್ಲಿ ಬೆಂಕಿ ಹೊಳೆಯಾಗಿ ಹರಿಯುತ್ತದೆ, ಹಂದಿಮೋರೆಯವರು ಕತ್ತಿ ಹಿಡಿದು ನಿಂತಿರುತ್ತಾರೆ. ಮೂರು ಸಲ ಸತ್ತೆ. ಆಗ ಶೀತಲ, “ಅವ್ವಾ, ಮೈಮ್ಯಾಲ ಒಂದ್ಚೂರು ಬಂಗಾರ ಹಾಕ್ಕೋ, ಅವ್ರು ನಿನ್ನ ತಂಟಿಗೆ ಬರಂಗಿಲ್ಲ” ಅಂದಳು. ಬಂಗಾರದ ಟೋಪಿ ಹಾಕಿಕೊಂಡು ಅವರ ನಡುವೆಯೇ ನಡೆದುಹೋದೆ. ಒಬ್ಬರೂ ಮುಟ್ಟಲಿಲ್ಲ.

ನಿಮ್ಮ ಮಗ ತೀರಿಕೊಂಡ ದಿನ ನನ್ನ ಕೊರಳಿನ ಬಂಗಾರದ ಬೋರಮಾಳ ತೆಗೆಸಿ ನಿಮ್ಮ ತಿಜೂರಿಯಲ್ಲಿಟ್ಟಿರಿ. ಅದು ನನ್ನ ಅವ್ವ ಕೊಟ್ಟ ಸರ. ಸೋಮವಾರ ಮೈದುನ ಯೋಗಿರಾಜನ ನಿಶ್ಚಿತಾರ್ಥಕ್ಕೆ ಅದನ್ನು ಹಾಕಿಕೊಳ್ಳುತ್ತೇನೆ. ಮುಂಜಾನೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಬರುತ್ತೇವೆ. ತಿಜೂರಿಯ ಕೀಲಿಕೈಯನ್ನು ಅತ್ತೆಯವರ ಹತ್ತಿರ ಕೊಟ್ಟಿಡಿ.

ಹಂದಿಮೋರೆಯವರದು ಇನ್ನೊಂದು ಕಟ್ಟಳೆಯಿದೆ. ಅವರ ಕಣ್ಣೆದುರು ಪೆಟ್ಟಿಗೆ ತೆರೆದರೆ ಬಂಗಾರ ತೊಟ್ಟವರನ್ನೂ ಬಿಡುವುದಿಲ್ಲ. ನೀವು ತಿಜೂರಿಯ ಎದುರಿಗೇ ಕುಳಿತುಕೊಳ್ಳಿ. ನಾನು ತೆರೆಯುತ್ತೇನೆ.

ನಿಮ್ಮ ಸೊಸೆ,
ಉಜ್ವಲಾ