ತೆತ್ಸುಜಿ ತಾತನ ನಾಣ್ಯಗಳ ಬಣ್ಣ

ಪ್ರೀತಿಯ ತಮಿಯೊ ಅಜ್ಜಿಗೆ,

ಎದುರಿಗಿದ್ದಾಗ ಹೇಳಲಾಗದ ಎರಡು ಮಾತನ್ನು ಬರೆದು ಕಳಿಸುತ್ತಿದ್ದೇನೆ. ಒಂದು ನನ್ನ ತಪ್ಪಿನದು. ಇನ್ನೊಂದು ನಿಮಗೆ ಸೇರಬೇಕಾದದ್ದು.

ಹೋದ ಶರತ್ಕಾಲದಲ್ಲಿ ನೀವು ನಮ್ಮ ಫೋಟೊ ಅಂಗಡಿಗೆ ಬಂದು ಫೋನು ಚಾಚಿದಿರಿ. "ಇವು ನಾಣ್ಯಾನೋ ಸೀದುಹೋದ ಅಕ್ಕಿ ಹಪ್ಪಳಾನೋ ನೀನೇ ಹೇಳು ಕಿಯೊನೊ. ಸ್ವಲ್ಪ ಬೆಳಕು ಹಾಕಿಕೊಡಮ್ಮ" ಎಂದು ನಕ್ಕಿರಿ. ಲಕ್ವ ಹೊಡೆದ ಮೇಲೆ ತೆತ್ಸುಜಿ ತಾತನ ಮಾತು ನಿಂತಿತ್ತು, ಕಣ್ಣು ಬೆಳಕನ್ನು ತಾಳುತ್ತಿರಲಿಲ್ಲ. ಪರದೆ ಎಳೆದ ಕೋಣೆಯಲ್ಲಿ, ಅವರ ಹಾಸಿಗೆಯ ಪಕ್ಕದಲ್ಲೇ ನೀವು ಆ ಚಿತ್ರಗಳನ್ನು ತೆಗೆದಿದ್ದಿರಿ. ಕಂಚಿನ ಎರಕದ ಕಾರ್ಖಾನೆಯಲ್ಲಿ ದುಡಿದ ಮನುಷ್ಯ ಒಂದೊಂದಾಗಿ ಕೂಡಿಟ್ಟ, ನಡುವೆ ಚೌಕ ತೂತಿನ ಇಪ್ಪತ್ತಾರು ಹಳೆಯ ನಾಣ್ಯಗಳು. ತಾವಿರುವಾಗಲೇ ಅವು ತಿಳಿದವರ ಕೈ ಸೇರಲಿ ಎಂಬುದು ಮೊದಲಿನಿಂದಲೂ ಅವರ ಆಸೆಯಾಗಿತ್ತು.

ನಾನು ಒಂದು ನಾಣ್ಯವನ್ನೂ ಕಣ್ಣಾರೆ ನೋಡಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರದ ಬೆಳಕು ಏರಿಸಿದೆ, ಹಳದಿ ಸುರಿದೆ. ತಾಮ್ರ ಚಿನ್ನದಂತೆ ಹೊಳೆಯಿತು. ಚಿತ್ರ ನೋಡಿದ ನಗೋಯಾದ ಹಳೆ ನಾಣ್ಯದ ವ್ಯಾಪಾರಿ ಅಂದೇ ಕೊಳ್ಳಲು ಒಪ್ಪಿಕೊಂಡ. ನೀವು ಸಂತೋಷದಿಂದ ನನಗೆ ಪರ್ಸಿಮನ್ ಹಣ್ಣು ತಂದುಕೊಟ್ಟಿರಿ.

ಮರುದಿನ ಮತ್ತೆ ಬಂದಿರಿ. "ಫೋಟೊ ತೋರಿಸಿದ್ರೆ ನಮ್ಮೆಜಮಾನ್ರು ಗೋಡೆ ಕಡೆ ತಿರುಗಿಬಿಟ್ರು. 'ನನ್ನವಲ್ಲ' ಅಂದ್ರು. ಆರು ತಿಂಗಳಿಗೆ ಬಾಯಿಂದ ಬಂದ ಮೊದಲ್ನೇ ಮಾತು ಕಣೇ, ಅದೂ ಇದು!" ನಗುತ್ತಲೇ ಕಣ್ಣೊರೆಸಿಕೊಂಡಿರಿ. ನನಗೆ ಮಾತ್ರ ಒಳಗೊಳಗೇ ಸಿಟ್ಟು. ಹಾಸಿಗೆ ಹಿಡಿದವರಿಗೆ ಬಣ್ಣದ ವಿಷಯ ಏನು ಗೊತ್ತು ಎಂದುಕೊಂಡೆ. ಲ್ಯಾಪ್‌ಟಾಪ್ ಹೊತ್ತು ನಿಮ್ಮ ಮನೆಗೆ ಬಂದದ್ದು ಅವರ ಬಾಯಿ ಮುಚ್ಚಿಸಲೆಂದೇ. ಅದಕ್ಕಾಗಿ ಕ್ಷಮೆ ಕೇಳುತ್ತಿದ್ದೇನೆ, ಅಜ್ಜಿ.

ತಾತ ಎಡಗೈಯಲ್ಲಿ ನಾಣ್ಯವನ್ನು ಲ್ಯಾಪ್‌ಟಾಪ್ ಪರದೆಯ ಪಕ್ಕಕ್ಕೆ ಹಿಡಿದರು. ನಾನು ಚಿತ್ರವನ್ನು ಕಪ್ಪು ಮಾಡಿದರೆ ನಾಣ್ಯದ ಅಕ್ಷರಗಳ ಮೇಲೆ ಬೆರಳಿಟ್ಟು, ಇವು ಕಾಣುತ್ತಿಲ್ಲವೆಂದು ತಲೆಯಾಡಿಸಿದರು. ಬೆಳಗಿಸಿದರೆ ಮುಖ ಕಿವುಚಿದರು. ಕತ್ತಲು ಕೋಣೆಯದು, ನಾಣ್ಯಕ್ಕೆ ಅದರದೇ ಕಂದು ಇದೆ ಎಂದು ಆಗ ಹೊಳೆಯಿತು. ಹಳದಿ ತೆಗೆದೆ, ಚೂರು ಕೆಂಪು ಬೆರೆಸಿದೆ. ಅವರು ತೂತಿನ ಮೂಲೆಗೆ ಉಗುರು ತಾಗಿಸಿ "ಹ... ಹಸಿರು" ಎಂದರು. ನಿಜ, ಅಲ್ಲಿ ಎಳೆಯಷ್ಟು ಹಸಿರು ಕಿಲುಬಿತ್ತು. ಹನ್ನೊಂದು ಮಧ್ಯಾಹ್ನಗಳು ಹೀಗೆ ಕಳೆದವು. ದಿನಕ್ಕೊಂದು ಮಾತು ಮರಳಿ ಬಂತು. ಒಮ್ಮೆ ನನ್ನನ್ನು "ಆತುರಗೇಡಿ!" ಎಂದು ಬೈದರು. ನೀವು ಅಡುಗೆಮನೆಯಿಂದಲೇ, "ಮದ್ವೆಯಾಗಿ ಇಷ್ಟು ವರ್ಷಕ್ಕೆ ನನ್ನನ್ನ ಇಷ್ಟು ಚೆಂದ ಬೈದಿಲ್ಲ. ಹೊಟ್ಟೆ ಉರೀತಿದೆ ನಂಗೆ!" ಎಂದು ಕೂಗಿದಿರಿ.

ಸರಿಯಾದ ಚಿತ್ರ ಕಳಿಸಿದಾಗ ವ್ಯಾಪಾರಿ ಹಿಂದೆ ಸರಿದ. ನಾನು ತಲೆ ತಗ್ಗಿಸಿ ನಿಂತೆ. "ಹೋಗ್ಲಿ ಬಿಡು. ಪೆಟ್ಟಿಗೆ ತೆಗೆದು ನೋಡಿದ್ಮೇಲೆ ಅವ್ನು ಬೈಯೋದ್ಕಿಂತ ಇದೇ ವಾಸಿ" ಎಂದಿರಿ. ಆಮೇಲೆ ಅದೇ ಚಿತ್ರಗಳನ್ನು ನೋಡಿ ಕಾನಾಜಾವಾದಿಂದ, ಹಳೆ ನಾಣ್ಯ ಕೂಡಿಡುವ ಆ ನಿವೃತ್ತ ಶಿಕ್ಷಕಿ ರೈಲು ಹತ್ತಿ ಬಂದರು. ಹಾಸಿಗೆಯ ಪಕ್ಕ ಕೂತು ಒಂದೊಂದು ನಾಣ್ಯ ಎಲ್ಲಿ ಸಿಕ್ಕಿತೆಂದು ಕೇಳಿದರು. ತಾತ ತಡವರಿಸುತ್ತಾ ಇಪ್ಪತ್ತಾರಕ್ಕೂ ಉತ್ತರಿಸಿ, ಪೆಟ್ಟಿಗೆಯನ್ನು ಅವರತ್ತ ನೂಕಿದರು. ಅದಾಗಿ ಎರಡು ವಾರಕ್ಕೆ ತಾತ ನಮ್ಮನ್ನು ಬಿಟ್ಟು ಹೊರಟೇಹೋದರು.

ಇನ್ನು ಎರಡನೆಯ ಮಾತು. ನೀವು ತೆಗೆದ ಮೂಲ ಚಿತ್ರಗಳನ್ನು ಮೊನ್ನೆ ಮತ್ತೆ ತೆರೆದೆ. ಒಂದರ ಅಂಚನ್ನು ನಾನು ಆಗ ನೋಡದೆಯೇ ಕತ್ತರಿಸಿ ಎಸೆದಿದ್ದೆ. ಈಗ ಅಲ್ಲಿನ ಕತ್ತಲನ್ನು ನಿಧಾನವಾಗಿ ಎತ್ತಿದೆ. ನಾಣ್ಯದ ಮೇಲೆ ಬಾಗಿ ನಿಂತ ನಿಮ್ಮ ಅಡುಗೆಯ ಮೇಲುಡುಪಿನ ಸೊಂಟದ ದಾರ ಕಂಡಿತು. ಅದರ ತುದಿ, ನಿಮಗೆ ಗೊತ್ತಾಗದ ಹಾಗೆ, ತಾತನ ಎಡಗೈಯ ಎರಡು ಬೆರಳ ನಡುವೆ ಇತ್ತು.

ಆ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಬಣ್ಣ ಮುಟ್ಟಿಲ್ಲ.

ಚಳಿಯಲ್ಲಿ ಕಾಲು ಬೆಚ್ಚಗಿಟ್ಟುಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ, ನೂರು ಕಾಲ ಬಾಳಿ.

ತಾತನಿಂದ ಬೈಸಿಕೊಂಡ ಅದೃಷ್ಟದವಳು,
ಕಿಯೊನೊ